ಅಪ್ಪನ ಸ್ವೆಟರ್

ಪಿಯು ಕಾಲೇಜಿನಲ್ಲಿ 17 ವರ್ಷದಿಂದ ಮನಃಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಅದೇ ನನಗೆ ಮುಳುವಾಯಿತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಂಕಾದಳು. ಅಡುಗೆಮನೆಗೆ ಹೋದವಳು ಯಾಕೆ ಬಂದೆ ಎಂಬುದನ್ನೇ ಮರೆತು ನಿಂತಿರುತ್ತಿದ್ದಳು. ಹಗಲೆಲ್ಲ ಮಲಗುವುದು, ಕರೆದರೆ ಎಷ್ಟೋ ಹೊತ್ತಿಗೆ ಓಗೊಡುವುದು. ಏಪ್ರಿಲ್ ತಿಂಗಳ ಚಿತ್ರದುರ್ಗದ ಬಿಸಿಲಿನಲ್ಲೂ ಅಪ್ಪನ ಕಂದು ಸ್ವೆಟರ್ ಬಿಚ್ಚುತ್ತಿರಲಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು. ಖಿನ್ನತೆ ಎಂದು ತೀರ್ಮಾನಿಸಿಬಿಟ್ಟೆ. ತಮ್ಮನಿಗೆ ಫೋನಿನಲ್ಲಿ ಪಾಠವನ್ನೇ ಒಪ್ಪಿಸಿದೆ: 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳಲ್ಲಿ ಗುರುತಿಸಿದ ಒತ್ತಡದ ಮೂರು ಹಂತ; ಮೊದಲು ಮೈ ಎಚ್ಚೆತ್ತುಕೊಳ್ಳುತ್ತದೆ, ಆಮೇಲೆ ಸೆಣಸುತ್ತದೆ, ಕೊನೆಗೆ ನಿತ್ರಾಣವಾಗುತ್ತದೆ. "ಅಮ್ಮ ಈಗ ಮೂರನೇದರಲ್ಲಿದಾಳೆ ಕಣೋ" ಎಂದೆ. ಎರಡು ವರ್ಷ ಆಸ್ಪತ್ರೆ ಅಲೆದು ಅಪ್ಪನನ್ನು ನೋಡಿಕೊಂಡವಳಲ್ಲವೇ, ಲೆಕ್ಕ ಸರಿಹೋಗಿತ್ತು.

ಆಮೇಲೆ ಕಂಡದ್ದೆಲ್ಲ ಆ ಲೆಕ್ಕದೊಳಕ್ಕೇ ಬಿತ್ತು. ಕೂದಲು ಉದುರಿತು, ಚಿಂತೆಗೆ. ದನಿ ಗೊಗ್ಗರಾಯಿತು, ಕದ್ದು ಅಳುತ್ತಿರಬೇಕು. ಮುಖ ಊದಿತು, ಅದೂ ಅಳುವೇ. ಊಟ ಸೇರದವಳ ರವಿಕೆ ಬಿಗಿಯಾಗುತ್ತಿದ್ದುದನ್ನು ಮಾತ್ರ ಲೆಕ್ಕದಿಂದ ಹೊರಗಿಟ್ಟೆ.

ಪಠ್ಯದಾಚೆಗೆ ಒಂದಿಷ್ಟು ಕಥೆ ಹೇಳುವ ಚಟ ನನಗೆ. ಆ ದಿನಗಳಲ್ಲೇ ತರಗತಿಯಲ್ಲಿ ರೋಸನ್‌ಹಾನ್ ಕಥೆ ಹೇಳಿದೆ. 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೇಖನ. ಕಿವಿಯಲ್ಲಿ ಯಾವುದೋ ದನಿ ಕೇಳುತ್ತದೆಂದು ಸುಳ್ಳು ಹೇಳಿ ಎಂಟು ಮಂದಿ ಅಮೆರಿಕದ 12 ಮನೋರೋಗ ಆಸ್ಪತ್ರೆಗಳಿಗೆ ಸೇರುತ್ತಾರೆ. ಒಳಗೆ ಹೋದಮೇಲೆ ಮಾಮೂಲಾಗಿಯೇ ಇದ್ದರೂ ಸರಾಸರಿ 19 ದಿನ ಬಿಡುಗಡೆಯಿಲ್ಲ. ಕೂತು ಟಿಪ್ಪಣಿ ಬರೆದರೆ ಅದೂ ರೋಗದ ಲಕ್ಷಣ! (ಆ ಲೇಖನದ ಪ್ರಾಮಾಣಿಕತೆಯನ್ನೇ ಸುಸಾನಾ ಕ್ಯಾಹಲನ್ 2019ರ ತಮ್ಮ ಪುಸ್ತಕದಲ್ಲಿ ಪ್ರಶ್ನಿಸಿದ್ದಾರೆ, ಇರಲಿ.) ಮಕ್ಕಳು ನಕ್ಕರು, ನಾನೂ ನಕ್ಕೆ. ಸಂಜೆ ಮನೆಗೆ ಬಂದವಳು, ಸ್ವೆಟರ್ ತೊಟ್ಟು ಮುದುಡಿ ಕೂತಿದ್ದ ಅಮ್ಮನಿಗೆ "ಅಪ್ಪನ ನೆನಪಾಯ್ತಾ?" ಎಂದೆ. ಅವಳು "ಹೂಂ" ಎಂದಳು. ಆ ಪ್ರಶ್ನೆಗೆ ಇನ್ನೇನು ತಾನೇ ಹೇಳಿಯಾಳು?

ಎಂಟು ತಿಂಗಳು ಹೀಗೇ ಕಳೆಯಿತು. ಕಾಲು ಬಾತುಕೊಂಡಿತೆಂದು ಬೀದಿ ಕೊನೆಯ ಡಾಕ್ಟರ ಬಳಿ ಕರೆದೊಯ್ದೆ. ನಾನು ಖಿನ್ನತೆಯ ಪ್ರವರ ಶುರುಮಾಡುತ್ತಿದ್ದಂತೆ ಅವರು ಕೈಯೆತ್ತಿ ತಡೆದು, ಅವಳನ್ನೇ ಕೇಳಿದರು: "ಅಮ್ಮಾ, ಚಳಿ ಜಾಸ್ತಿ ಆಗುತ್ತಾ?"

"ಆಗುತ್ತೆ ಡಾಕ್ಟ್ರೇ. ಬೇಸಿಗೇಲೂ ನಡುಗ್ತೀನಿ. ಮನೇಲಿ ದಪ್ಪಂದು ಸ್ವೆಟರ್ ಅಂತ ಇದ್ದಿದ್ದು ನಮ್ಮನೆಯವರದ್ದೊಂದೇ."

ರಕ್ತ ಪರೀಕ್ಷೆ ಮಾಡಿಸಿದರೆ, ನಾಲ್ಕೈದರ ಒಳಗಿರಬೇಕಾದ ಟಿಎಸ್‌ಎಚ್ 60 ದಾಟಿತ್ತು. ಥೈರಾಯ್ಡ್ ಗ್ರಂಥಿ ಕೈಕೊಟ್ಟಿತ್ತು. ಇಂಥ ದೇಹದ ಕಾಯಿಲೆ ಕಾರಣವಲ್ಲವೆಂದು ಖಾತ್ರಿಯಾಗದೆ ಖಿನ್ನತೆಯೆಂದು ಹೆಸರಿಡಬಾರದು ಎಂದು ಮನೋರೋಗಗಳನ್ನು ಗುರುತಿಸುವ ಡಿಎಸ್‌ಎಂ ಕೈಪಿಡಿಯಲ್ಲೇ ಇದೆ. ಅದನ್ನು ಎರಡು ಅಂಕದ ಪ್ರಶ್ನೆಯಾಗಿ ಎಷ್ಟು ಸಲ ಕೊಟ್ಟಿದ್ದೇನೋ.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಕ್ಸಿನ್ ಮಾತ್ರೆ, ಅಷ್ಟೇ. ಮೂರು ತಿಂಗಳಲ್ಲಿ ದನಿ ತಿಳಿಯಾಯಿತು, ಕಾಫಿ ನೀರಾಗಿದೆ ಎಂದು ನನ್ನನ್ನು ಬೈಯುವಷ್ಟು. ಸ್ವೆಟರ್ ಒಗೆಸಿಕೊಂಡು ಟ್ರಂಕು ಸೇರಿತು.

ಮೊನ್ನೆ ನೋಡಿದರೆ ಅದನ್ನು ಹೊರತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

"ಚಳಿಯಾ ಅಮ್ಮಾ?" ಎಂದೆ.

"ಇಲ್ಲ ಕಣೇ."

ಪಕ್ಕದಲ್ಲಿ ಕೂತೆ.