ಗುಜರಿ ಪಟ್ಟಿಯಲ್ಲಿ ಎತ್ತರವಾಗುವ ಜೀಪು

ಅಮೆರಿಕದ ಗುಜರಿ ಅಂಗಳಗಳಲ್ಲಿ ಹಳೆಯ ಶೆವರ್ಲೆ ಎಸ್-10 ಪಿಕಪ್ಪಿನ ಲೀಫ್ ಸ್ಪ್ರಿಂಗ್ ಹುಡುಕಿಕೊಂಡು ಬರುವವರಲ್ಲಿ ಜೀಪ್ ಚೆರೋಕಿಯವರೂ ಇದ್ದಾರೆ. 1984ರಿಂದ 2001ರವರೆಗೆ ಬಂದ ಆ ಚೌಕಾಕಾರದ ಚೆರೋಕಿ. ಗಾಡಿ ಎತ್ತರಿಸುವ ದುಬಾರಿ ಲಿಫ್ಟ್ ಕಿಟ್ ಬದಲು, ಗಾಡಿಯ ಲೀಫ್ ಸ್ಪ್ರಿಂಗಿನ ಮುಖ್ಯ ಪಟ್ಟಿಯನ್ನು ಹಾಗೇ ಉಳಿಸಿ, ತುದಿಯ ಸುರುಳಿ ಕತ್ತರಿಸಿದ ಎಸ್-10 ಪಟ್ಟಿಗಳನ್ನು ಅದರಡಿ ಪೇರಿಸಿ, ಉದ್ದನೆಯ ಸೆಂಟರ್ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಹಿಂಭಾಗ ಎದ್ದು ನಿಲ್ಲುತ್ತದೆ. ಮುಂದಕ್ಕೆ ವಿ8 ಎಂಜಿನ್ನಿನ ಗ್ರ್ಯಾಂಡ್ ಚೆರೋಕಿಯ ಕಾಯಿಲ್ ಸ್ಪ್ರಿಂಗ್. ಹೆಚ್ಚು ಭಾರ ಹೊರಲು ಮಾಡಿದ್ದು, ಇಲ್ಲಿ ಅಷ್ಟು ಕುಗ್ಗುವುದಿಲ್ಲ.

ನನಗೆ ಈ ಜಾಣತನ ತುಂಬಾ ಇಷ್ಟ. ಒಳ್ಳೆಯ ಉಕ್ಕು ಕುಲುಮೆಗೆ ಹೋಗುವ ಬದಲು ಮತ್ತೆ ಕಲ್ಲುದಾರಿ ಹತ್ತುತ್ತದಲ್ಲ! ಆದರೆ ಉಳಿತಾಯ ಸ್ಪ್ರಿಂಗಿಗಷ್ಟೇ ಇರಲಿ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಬೇಕು, ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ. ಪಟ್ಟಿಯನ್ನು ವೈರ್ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ, ಬೋಲ್ಟಿನ ತೂತಿನ ಸುತ್ತ ಕೂದಲೆಳೆಯಂಥ ಬಿರುಕಿದೆಯೇ ಹುಡುಕಿ. ವೆಲ್ಡಿಂಗ್ ಬೇಡವೇ ಬೇಡ, ಆ ಕಾವಿಗೆ ಉಕ್ಕಿನ ಹದ ಕೆಡುತ್ತದೆ. ಆಮೇಲೆ ಬಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಪೂರ್ತಿ ಇಳಿಬಿದ್ದಾಗ ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ ನೋಡಿ. ಬಿಗಿಯಾದರೆ ಉದ್ದದ್ದು ಹಾಕಿಸದೆ ಗಾಡಿ ಹೊರಗೆ ತೆಗೆಯಬೇಡಿ.