ಆಯಿಲ್ ಇದೆ, ಪ್ರೆಶರ್ ಇಲ್ಲ

ಈಗಷ್ಟೇ ಗ್ಯಾರೇಜಲ್ಲಿ ಒಂದು ಟ್ವಿನ್ ಸಿಲಿಂಡರ್ ಬೈಕಿನ ಆಯಿಲ್ ಸ್ಟ್ರೈನರ್ ಬಿಚ್ಚಿದ್ರು. ಜಾಲರಿ ತುಂಬಾ ಕೆಂಪು ಸಿಲಿಕೋನ್ ಚೂರು! ಹಿಂದೆ ಯಾರೋ ಕವರ್ ಕೂರಿಸುವಾಗ ಗ್ಯಾಸ್ಕೆಟ್ ಪೇಸ್ಟನ್ನ ದೋಸೆಗೆ ಬೆಣ್ಣೆ ಹಚ್ಚಿದಂಗೆ ಬಳಿದಿದ್ದಾರೆ. ತೆಳ್ಳಗೆ ಒಂದು ಗೆರೆ ಸಾಕಿತ್ತು. ಒಳಗೆ ಉಕ್ಕಿದ್ದು ಒಣಗಿ, ಉದುರಿ, ಪಂಪು ಆಯಿಲ್ ಎಳೆಯೋ ದಾರಿಗೇ ಅಡ್ಡ ಕೂತಿದೆ.

ಮೀಟರಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿದಾಗ ಓನರ್ ಮಾಡಿದ್ದು ಎಲ್ಲರೂ ಮಾಡೋದನ್ನೇ: ಇನ್ನೊಂದಿಷ್ಟು ಆಯಿಲ್ ಸುರಿದ್ರು. ಆ ದೀಪ ಹೇಳೋದು ಪ್ರೆಶರ್ ಬಗ್ಗೆ ಸ್ವಾಮಿ, ಮಟ್ಟದ ಬಗ್ಗೆ ಅಲ್ಲ. ಓಡಿಸುವಾಗ ಹತ್ತಿದ್ರೆ ತಕ್ಷಣ ಎಂಜಿನ್ ಆಫ್. ಮಟ್ಟ ಸರಿಯಿದ್ರೆ ಪ್ರೆಶರ್ ಸ್ವಿಚ್ ಬಿಚ್ಚಿ ಆ ತೂತಿಗೇ ಗೇಜ್ ಹಾಕಿಸಿ. ಗೇಜಲ್ಲಿ ಪ್ರೆಶರ್ ಸರಿಯಿದ್ರೆ ಸ್ವಿಚ್ಚೋ ವೈರೋ ಕೆಟ್ಟಿದೆ, ಅಗ್ಗದಲ್ಲಿ ಮುಗೀತು. ಇಲ್ಲಾಂದ್ರೆ ಸ್ಟ್ರೈನರ್, ತೆರೆದೇ ಸಿಕ್ಕಿಕೊಂಡ ರಿಲೀಫ್ ವಾಲ್ವ್, ಪಂಪ್. ಕೊನೆಗೆ, ದೇವರು ಕಾಪಾಡಲಿ, ಸವೆದ ಬೇರಿಂಗ್.

ನಮ್ಮಲ್ಲಿ ಓಡೋ 100–125 ಸಿಸಿ ಬೈಕುಗಳಲ್ಲಿ ಬಹುತೇಕಕ್ಕೆ ಈ ದೀಪವೇ ಇಲ್ಲ ಅನ್ನೋದು ಬೇರೆ ಮಾತು. ನಿಮ್ಮದರಲ್ಲಿ ಇದೆಯಾ? ಕೀ ಆನ್ ಮಾಡಿದಾಗ ಹತ್ತಿ, ಸ್ಟಾರ್ಟ್ ಆದಮೇಲೆ ಆರುತ್ತಾ? ನೋಡಿ ಹೇಳಿ.