ಚಿತ್ರ ಊರೂರು ತಿರುಗುತ್ತದೆ, ಹೆಸರು?

ವಾಟ್ಸಾಪ್‌ನಲ್ಲಿ ಚಿತ್ರ ಬಲು ಬೇಗ ಓಡುತ್ತದೆ. ಬೆಳಗ್ಗೆ ವಾಡಿಯಲ್ಲಿ ಹಾಕಿದ್ದು ಮಧ್ಯಾಹ್ನದೊಳಗೆ ಸೇಡಂ ದಾಟಿ ಹೈದರಾಬಾದ್ ಮುಟ್ಟಿರುತ್ತದೆ. ಆ ಓಟದಲ್ಲಿ ಮೊದಲು ಉದುರಿ ಬೀಳುವುದು ಚಿತ್ರ ಬರೆದವರ ಹೆಸರು. ಹೆಸರು ಹೋದ ಚಿತ್ರ ಎಷ್ಟು ಮೊಬೈಲ್ ತಿರುಗಿದರೂ ಬರೆದವರಿಗೆ ಅದರಿಂದ ಏನೂ ಸಿಗುವುದಿಲ್ಲ.

ನಾವು ನಾಲ್ವರು ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ನಮ್ಮಲ್ಲೊಬ್ಬಳು ಚಿತ್ರ ತೆಗೆಯುತ್ತಾಳೆ. ಲಾರಿಗೆ ಪರ್ಸಿ ಕಲ್ಲು ಏರಿಸುವ ಹೆಂಗಸರು, ಜಂಕ್ಷನ್ನಿನಲ್ಲಿ ಸಿಗ್ನಲ್‌ಗೆ ಕಾಯುವ ಗೂಡ್ಸ್ ಗಾಡಿ, ಸಿಮೆಂಟಿನ ಧೂಳು ಕೂತ ಬೇವಿನ ಗಿಡ, ಹಳದಿ ಹೂ ಬಿಟ್ಟ ತೊಗರಿ ಹೊಲ, ಇವೇ ಅವಳ ವಸ್ತು. ಮನೆಯಲ್ಲಿ ಮಾತ್ರ ಅವಳವ್ವನದು ಒಂದೇ ಪ್ರಶ್ನೆ: “ಇದರಿಂದ ಏನು ಬರ್ತದವ್ವಾ?”

ಹೋದ ವರ್ಷ ಅವಳ ಪರ್ಸಿ ಚಿತ್ರ ಕಾರ್ಮಿಕರ ದಿನದ ಒಂದು ಬ್ಯಾನರ್ ಮೇಲೆ ಕಂಡಿತು. ಮೂಲೆಯಲ್ಲಿದ್ದ ಅವಳ ಸಹಿ ಕತ್ತರಿಸಿ ಹೋಗಿತ್ತು. “ಯಾರು ತೆಗ್ದಾರ್ರಿ ಇದನ್ನ?” ಎಂದು ಕೇಳಿದೆವು. “ಗೊತ್ತಿಲ್ರಿ, ವಾಟ್ಸಾಪ್‌ನಾಗ ಬಂದಿತ್ತು” ಅಂದರು. ಅವರು ಸುಳ್ಳು ಹೇಳಲಿಲ್ಲ. ಚಿತ್ರ ಅವರ ಕೈ ಸೇರುವ ಮೊದಲೇ ಹೆಸರು ಕಳಚಿತ್ತು. ಇವಳ ಸ್ಟೇಟಸ್ ಆದರೋ 24 ಗಂಟೆಗೇ ಅಳಿಸಿ ಹೋಗಿತ್ತು. “ಇದು ನಂದು” ಅನ್ನಲು ಬೆರಳು ತೋರಿಸುವ ಜಾಗವೇ ಇರಲಿಲ್ಲ.

ಹೆಸರಿನ ಬೆಲೆ ಏನೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿನ ಒಂದು ಕಲ್ಲಿನಲ್ಲಿ ರಾಜ, ರಾಣಿ, ಸೇವಕಿಯರ ಕೆತ್ತನೆ ಇದೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ: ‘ರಾಯೋ ಅಸೋಕೋ’. ಅಂದರೆ ರಾಜ ಅಶೋಕ. ಆ ಎರಡು ಪದ ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜ ಆಗಿ ಉಳಿಯುತ್ತಿದ್ದ. ಆದರೆ ಆ ಎರಡು ಪದದಲ್ಲಿ ರಾಜನ ಹೆಸರಿದೆ, ಕೆತ್ತಿದವರ ಹೆಸರಿಲ್ಲ.

ಕಲಬುರಗಿಯವರೇ ಆದ ಎಸ್.ಎಂ. ಪಂಡಿತ್ ಅವರನ್ನು ನೋಡಿ. 1916ರಲ್ಲಿ ಹುಟ್ಟಿದ ಅವರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಬರೆದು ಹೆಸರಾದರು. ಅವರ ದೇವರ ಚಿತ್ರಗಳು ಎಷ್ಟೋ ಮನೆಗಳ ಗೋಡೆ ಸೇರಿದವು. ಅಚ್ಚಾದ ಚಿತ್ರದ ಜೊತೆ ಅವರ ಸಹಿಯೂ ಹೋಯಿತು. ಅದಕ್ಕೇ ಇವತ್ತು ಅವರನ್ನು ಗುರುತಿಸುತ್ತೇವೆ.

ಹಾಗಾಗಿ ನಾವು ಅವಳಿಗೊಂದು ವೆಬ್‌ಸೈಟ್ ಮಾಡಿದೆವು. ವೆಬ್‌ಸೈಟ್ ಅಂದರೆ ದೊಡ್ಡ ಕಂಪನಿಗಳ ವಿಷಯ ಅಂದುಕೊಳ್ಳಬೇಡಿ. ಅದು ಅಂತರ್ಜಾಲದಲ್ಲಿ ನಿಮ್ಮದೊಂದು ಮನೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಸಂತೆ ಇದ್ದ ಹಾಗೆ. ಸಂತೆಗೆ ಹೋಗಬೇಕು, ಜನ ಅಲ್ಲೇ ಸಿಗುತ್ತಾರೆ. ಆದರೆ ಅಲ್ಲಿ ನಿನ್ನೆಯ ಚಿತ್ರ ಇವತ್ತಿಗೆ ಕೆಳಗೆ ಸರಿದಿರುತ್ತದೆ. ಮನೆಯ ವಿಳಾಸ ಬದಲಾಗುವುದಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿಯಬೇಕು. ಮೊದಲು ಎಂಟೋ ಹತ್ತೋ ಒಳ್ಳೆಯ ಚಿತ್ರ ಆರಿಸಿ. ಎಲ್ಲವನ್ನೂ ತುರುಕಬೇಡಿ. ಫೋಟೋ ತೆಗೆಯುವಾಗ ಮೊಬೈಲಿನ ಕ್ಯಾಮೆರಾ ಗಾಜು ಒರೆಸಿ. ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡ. ಬೆಳಗಿನ ಹೊತ್ತು ಬಾಗಿಲ ಬಳಿಯ ನೆರಳು ಸಾಕು. ಚಿತ್ರವನ್ನು ಗೋಡೆಗೆ ನೇರ ನಿಲ್ಲಿಸಿ, ಮೊಬೈಲನ್ನೂ ಅಷ್ಟೇ ನೇರ ಹಿಡಿಯಿರಿ. ಇಲ್ಲವಾದರೆ ಚೌಕ ಚಿತ್ರ ಸೊಟ್ಟ ಕಾಣುತ್ತದೆ. ಫೋಟೋವನ್ನು ಇನ್ನೊಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಗುಣಮಟ್ಟ ಇಳಿಯುವುದಿಲ್ಲ. ಮೂಲ ಫೋಟೋ ಮತ್ತು ಪೆನ್ಸಿಲ್ ಕರಡು ಜೋಪಾನ ಮಾಡಿ, ಅವೇ ನಿಮ್ಮ ಸಾಕ್ಷಿ.

ಆಮೇಲೆ ಪ್ರತಿ ಚಿತ್ರಕ್ಕೂ ನಾಲ್ಕು ಸಾಲು ಬರೆಯಿರಿ. ಹೆಸರು, ವರ್ಷ, ಯಾವ ಬಣ್ಣ ಮತ್ತು ಯಾವ ಹಾಳೆ, ಅಳತೆ. ಮಾರಾಟಕ್ಕಿದ್ದರೆ ಬೆಲೆ. ಜೊತೆಗೆ ನಿಮ್ಮ ಹೆಸರು, ಊರು. “ಪರ್ಸಿ ಹೊರುವವರು, ಜಲವರ್ಣ, 30 × 42 ಸೆಂ.ಮೀ., ವಾಡಿ” ಎಂದಿದ್ದರೆ ನೋಡುವವರಿಗೆ ಅಂದಾಜು ಸಿಗುತ್ತದೆ. ಗೂಗಲ್‌ನಲ್ಲಿ ಹುಡುಕುವವರಿಗೂ ದಾರಿ ಸಿಗುತ್ತದೆ, ಏಕೆಂದರೆ ಹುಡುಕಾಟ ಹೆಚ್ಚಾಗಿ ನಡೆಯುವುದು ಅಕ್ಷರಗಳ ಮೇಲೆ. ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಒಂದು ಸಾಲು ಇದ್ದರೆ ಹೊರಗಿನವರಿಗೂ ಅನುಕೂಲ.

ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆಸಿದ್ದನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರ ಕಾಣುತ್ತವೆ. ನಿಮ್ಮ ಮೊಬೈಲಿನ ಕನ್ನಡ ಕೀಬೋರ್ಡ್‌ನಲ್ಲಿ ಬರೆದರೆ ಈ ತಾಪತ್ರಯ ಇಲ್ಲ.

ಇನ್ನು ಮನೆ ಕಟ್ಟುವುದು. ನಾವು ಬಳಸಿದ್ದು ಗೂಗಲ್ ಸೈಟ್ಸ್. ಜಿಮೇಲ್ ಖಾತೆ ಇದ್ದರೆ ಸಾಕು, ದುಡ್ಡು ಕೊಡಬೇಕಿಲ್ಲ. ಕಟ್ಟುವಾಗ ಮಾತ್ರ ಕಂಪ್ಯೂಟರ್ ಬೇಕು, ನೋಡಲು ಮೊಬೈಲ್ ಸಾಕು. ಕಂಪ್ಯೂಟರ್ ಇರುವ ಪಂಚಾಯಿತಿ ಗ್ರಂಥಾಲಯದಲ್ಲಿ ಅಥವಾ ಗೆಳೆಯರ ಮನೆಯಲ್ಲಿ ಕೂತು ಮಾಡಬಹುದು. ಬೇರೆಯವರ ಕಂಪ್ಯೂಟರ್ ಆದರೆ ಎದ್ದು ಬರುವ ಮುನ್ನ ಲಾಗೌಟ್ ಮಾಡಿ. ಕಂಪ್ಯೂಟರ್ ಸಿಗದವರು ಬ್ಲಾಗರ್ ಅಥವಾ ವರ್ಡ್‌ಪ್ರೆಸ್ ಬಳಸಬಹುದು. ಅವನ್ನು ಮೊಬೈಲಿನಲ್ಲೇ ನಡೆಸಬಹುದು, ಅವೂ ಪುಕ್ಕಟೆ ಶುರುವಾಗುತ್ತವೆ. ಸ್ವಂತ ವಿಳಾಸ, ಅಂದರೆ ಡೊಮೈನ್, ಬೇಕಾದರೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಅದು ಮೊದಲ ದಿನವೇ ಬೇಕಿಲ್ಲ.

ಮೂರು ಪುಟ ಸಾಕು. ಒಂದರಲ್ಲಿ ಚಿತ್ರ, ಒಂದರಲ್ಲಿ ನಿಮ್ಮ ಬಗ್ಗೆ ಐದಾರು ಸಾಲು, ಒಂದರಲ್ಲಿ ಸಂಪರ್ಕ. ಫೋಟೋಗಳನ್ನು ಹಗುರ ಮಾಡಿ ಹಾಕಿ. ಉದ್ದದ ಬದಿ 1600 ಪಿಕ್ಸೆಲ್ ಇದ್ದರೆ ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ನೆಟ್‌ವರ್ಕ್ ಒಂದೇ ಕಡ್ಡಿ ಬರುವ ತಾಂಡಾದಲ್ಲೂ ಪುಟ ತೆರೆಯಬೇಕಲ್ಲ? ದೊಡ್ಡ ಫೈಲ್ ಹಾಕದಿದ್ದರೆ ಇನ್ನೊಂದು ಲಾಭವಿದೆ: ಯಾರಾದರೂ ಕದ್ದರೂ ದೊಡ್ಡ ಬ್ಯಾನರ್‌ಗೆ ಅದು ಚೆನ್ನಾಗಿ ಬರುವುದಿಲ್ಲ.

ಸಂಪರ್ಕದ ಪುಟದಲ್ಲಿ ಸ್ವಂತ ನಂಬರ್ ಹಾಕಲು ನಮ್ಮ ಗೆಳತಿ ಒಪ್ಪಲಿಲ್ಲ. ಅವಳ ಮಾತು ಸರಿಯಿತ್ತು. ಚಿತ್ರಕ್ಕೆಂದೇ ಬೇರೆ ಇಮೇಲ್ ಮಾಡಿ, ಒಂದು ಗೂಗಲ್ ಫಾರ್ಮ್ ಇಟ್ಟೆವು. ಮನೆ ವಿಳಾಸವನ್ನೂ ಹಾಕಲಿಲ್ಲ, ಊರಿನ ಹೆಸರು ಸಾಕು.

ದುಡ್ಡಿನ ವಿಷಯದಲ್ಲಿ ಎಚ್ಚರ ಇರಲಿ. “ಚಿತ್ರ ಬೇಕು, ಈಗಲೇ ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಅಂದರೆ ಅದು ಮೋಸ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ, ಪಿನ್ ಬೇಕಾಗುವುದು ಕೊಡುವವರಿಗೆ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಾನೂನೂ ನಮ್ಮ ಕಡೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆ ಹಕ್ಕು ಕಲಾವಿದರು ಬದುಕಿರುವವರೆಗೆ, ಆಮೇಲೆ ಮತ್ತೆ 60 ವರ್ಷ ಇರುತ್ತದೆ. “ಇದು ನನ್ನದು” ಎಂದು ಹೇಳಿಕೊಳ್ಳುವ ಹಕ್ಕನ್ನು ಕಲಂ 57 ಬೇರೆಯಾಗಿಯೇ ಕೊಟ್ಟಿದೆ. ಚಿತ್ರ ಮಾರಿದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಆದರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ ಲೆಕ್ಕ ಬೇರೆ. ಬೇರೆ ಕರಾರು ಇಲ್ಲದಿದ್ದರೆ ಆ ಕೃತಿಸ್ವಾಮ್ಯ ಬರೆಸಿದವರದ್ದು. ಹಾಗಾಗಿ ಹೇಳಿ ಬರೆಸುವವರ ಜೊತೆ ಮೊದಲೇ ಎರಡು ಸಾಲು ಬರಹದಲ್ಲಿ ಮಾಡಿಕೊಳ್ಳಿ.

ವೆಬ್‌ಸೈಟ್ ಆದ ಮೇಲೆ ನಾವು ಬ್ಯಾನರ್ ಮಾಡಿಸಿದವರಿಗೆ ಅದರ ಲಿಂಕ್ ಕಳಿಸಿದೆವು. ಜಗಳ ಆಡಲಿಲ್ಲ. “ಹೆಸರು ಗೊತ್ತಿದ್ರ ಹಾಕೇ ಹಾಕ್ತಿದ್ವಿ” ಅಂದರು. ಮುಂದಿನ ಕಾರ್ಯಕ್ರಮಕ್ಕೆ ಮೊದಲೇ ಕೇಳಿದರು, ಹೆಸರು ಹಾಕಿದರು, ಸಣ್ಣ ಸಂಭಾವನೆಯನ್ನೂ ಕೊಟ್ಟರು. ಈಗ ಅವಳು ಸ್ಟೇಟಸ್‌ಗೆ ಚಿತ್ರ ಹಾಕಿದಾಗೆಲ್ಲ ಕೆಳಗೆ ವಿಳಾಸವನ್ನೂ ಹಾಕುತ್ತಾಳೆ.

ಆಮೇಲೆ ಒಂದು ದಿನ ಫಾರ್ಮ್‌ನಲ್ಲಿ ಪುಣೆಯಿಂದ ಒಂದು ಸಂದೇಶ ಬಂತು. ಬರೆದವರು ವಾಡಿಯಲ್ಲೇ ಬೆಳೆದವರು, ಅವರ ತಂದೆ ರೈಲ್ವೆಯಲ್ಲಿದ್ದವರು. ವಾಡಿ ಜಂಕ್ಷನ್ ಅಂತ ಹುಡುಕುತ್ತಾ ಹೋದಾಗ ಗೂಡ್ಸ್ ಗಾಡಿಯ ಚಿತ್ರ ಕಣ್ಣಿಗೆ ಬಿತ್ತಂತೆ. ಬೆಲೆ ಕೇಳಲಿಲ್ಲ, ಅಲ್ಲೇ ಬರೆದಿತ್ತು. ದುಡ್ಡು ಖಾತೆಗೆ ಬಂದದ್ದನ್ನು ನೋಡಿಕೊಂಡು, ಚಿತ್ರ ಸುತ್ತಿ, ಪ್ಲಾಸ್ಟಿಕ್ ಪೈಪಿನೊಳಗಿಟ್ಟು ಅಂಚೆಯಲ್ಲಿ ಕಳಿಸಿದೆವು.

ಒಂದು ಚಿತ್ರ ಮಾರಿದ್ದರಿಂದ ಸಂಸಾರ ನಡೆಯುವುದಿಲ್ಲ, ನಮಗೂ ಗೊತ್ತು. ಆದರೆ ಅವಳವ್ವ ಈಗ ಮನೆಗೆ ಬಂದವರಿಗೆ ಮೊಬೈಲ್ ಚಾಚಿ, “ನಮ್ಮ ಹುಡುಗಿ ತೆಗ್ದದ್ದು, ಕೆಳಗ ಹೆಸರು ಅದ ನೋಡ್ರಿ” ಅನ್ನುತ್ತಾರೆ.

ನಿಮ್ಮೂರಲ್ಲೂ ಇಂಥವರು ಇದ್ದಾರೆ. ಫ್ಲೆಕ್ಸ್ ಬಂದ ಮೇಲೆ ಕುಂಚ ಕಟ್ಟಿಟ್ಟ ಬೋರ್ಡ್ ಪೇಂಟರ್ ಇದ್ದಾರೆ, ಕೌದಿ ಹೊಲಿಯುವ ಅಜ್ಜಿ ಇದ್ದಾರೆ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಚಿತ್ರ ತೆಗೆಯುವ ಹುಡುಗ ಇದ್ದಾನೆ. ಈ ಭಾನುವಾರ ಅವರ ಎಂಟು ಕೆಲಸಗಳ ಫೋಟೋ ತೆಗೆದುಕೊಡಿ. ಪ್ರತಿಯೊಂದರ ಕೆಳಗೂ ಅವರ ಹೆಸರು ಬರೆಯಿರಿ. ವೆಬ್‌ಸೈಟ್ ಅಲ್ಲಿಂದಲೇ ಶುರು.